ಆತು ಅಂದ ಕಾಕಿ

ಬೆಟಗೇರಿಯ ನಮ್ಮ ಓಣಿಯ ಕಾಕಿಯೊಬ್ಬಳು ಮಗ್ಗದ ಮುಂದೆ ಕೂತೇ ಎಲ್ಲರಿಗೂ "ಆತು ತಗೋ" ಎನ್ನುತ್ತಿದ್ದಳು. ಸಕ್ಕರೆ ಕೇಳಿದರೂ ಆತು, ಕೂಸು ನೋಡಿಕೋ ಎಂದರೂ ಆತು. ನಾವು ಏನು ನೋಡುತ್ತೇವೆಂದು ಗುರುತಿಟ್ಟುಕೊಳ್ಳುವ ಕುಕೀಸ್ ಒಪ್ಪುತ್ತೀರಾ ಎಂದು ಫೋನು ಕೇಳಿದರೆ, "ಆತು ಬಿಡಪಾ" ಎಂದು ಓದದೆಯೇ ಒತ್ತುತ್ತಿದ್ದಳು.

ಗಂಡ ತೀರಿದ ಮೇಲೆ ಮೈದುನನ ಮನೆಯಲ್ಲಿದ್ದಳು. ಮನೆಗೆಲ್ಲ ಒಂದೇ ಫೋನು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಮರುಮದುವೆಯ ವೆಬ್‌ಸೈಟ್ ನೋಡಿದಳು; ಅಲ್ಲಿಯೂ ಕುಕೀಸ್‌ಗೆ ಆತು ಎಂದೇ ಒತ್ತಿದಳು. ಮರುದಿನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ರಂಗೋಲಿ ನೋಡಲು ಫೋನು ತೆರೆದರೆ ಪರದೆ ತುಂಬ ವರರ ಜಾಹೀರಾತು. ಲಕ್ಷ್ಮೇಶ್ವರದಿಂದ ಬಂದಿದ್ದ ಬೀಗರೆದುರು ಅದನ್ನು ಎತ್ತಿ ಹಿಡಿದು ನಕ್ಕಳು: "ನೋಡ್ರಿ, ನಮ್ಮಕ್ಕಗ ಗಂಡ ಬೇಕಾಗ್ಯಾನಂತ!"

ವೆಬ್‌ಸೈಟಿನಲ್ಲಿ ಒಪ್ಪುವ ಗುಂಡಿಯನ್ನು ಅಂಗೈಯಗಲ ಇಟ್ಟು, ಬೇಡವೆನ್ನುವುದನ್ನು ಮೂಲೆಯಲ್ಲಿ ಬಚ್ಚಿಟ್ಟವರು ಇದನ್ನು 'ಒಪ್ಪಿಗೆ' ಎನ್ನುತ್ತಾರೆ! ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲೂ ಇಷ್ಟು ನಾಚಿಕೆಗೆಟ್ಟ ವಾದ ನಾನು ಕೇಳಿಲ್ಲ.

"ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಇದಕ್ಕ ಹೆಂಗ ಗೊತ್ತಾತು?" ಎಂದು ಕಾಕಿ ನನ್ನನ್ನು ಕೇಳಿದಳು.

"ನೀ ಆತು ಅಂದಿದ್ಯಲ್ಲ ಕಾಕಿ, ಅಷ್ಟಕ್ಕ ಆ ವೆಬ್‌ಸೈಟಿನವ್ರು ನಿನ್ನ ಬೆನ್ನು ಹತ್ಯಾರ."

"ಬಾಗಲಕ್ಕ ಬಂದವ್ರಿಗೆ ಒಳಗ ಬರ್ರಿ ಅಂದ್ರ, ನನ್ನ ಟ್ರಂಕ್ ತೆಗದು ಓಣಿಗೆಲ್ಲಾ ತೋರಸೂದೇನು?"

ಆಗಲೇ ಹೊರಗೆ ಯಾರೋ ಸಕ್ಕರೆ ಕೇಳಿದರು. ಕಾಕಿ ಆತು ಎನ್ನಲಿಲ್ಲ. ಎದ್ದು ಬಾಗಿಲ ಚಿಲಕ ಹಾಕಿದಳು.