ಹೆಗಲ ಮೇಲಿನ ಕೈ

ಕತ್ತಲಲ್ಲಿ ಯಾರೋ ಹೆಗಲ ಮೇಲೆ ಕೈ ಇಟ್ಟರೆ ನೀವು ತಿರುಗಿ ನೋಡುತ್ತೀರಿ ತಾನೇ? ನನ್ನ ತಂಗಿ ಈರಮ್ಮ ನೋಡುವುದಿಲ್ಲ. ಅದು ಅಣ್ಣನ ಕೈ ಎಂದು ನಂಬಿದ್ದಾಳೆ. ಅಣ್ಣ ಅಂದರೆ ನಾನೇ.

ದುರ್ಗದಲ್ಲಿ ಒಂದೇ ಟಿಕೆಟ್ಟಿಗೆ ಎರಡು ಇಂಗ್ಲಿಷ್ ಸಿನಿಮಾ ತೋರಿಸಿದರಲ್ಲ, ಅದರ ಬಗ್ಗೆ ಈ ಅಂಕಣದಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳುತ್ತಲೇ ಇದ್ದೀರಿ. (ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕುರಿ ಹಿಂದೆ ಹೋದವನ ಅಭಿಪ್ರಾಯಕ್ಕೆ ಕಾಯುತ್ತೀರಲ್ಲ, ನಿಮ್ಮ ತಾಳ್ಮೆ ದೊಡ್ಡದು.) ಬರೆಯಲು ಧೈರ್ಯ ಇರಲಿಲ್ಲ. ಈಗ ಬರೆಯುತ್ತೇನೆ.

ಈರಮ್ಮನಿಗೆ ಕತ್ತಲೆಂದರೆ ಆಗದು. ಚಿಕ್ಕವಳಿದ್ದಾಗ ರಾಗಿ ತುಂಬುವ ಹಗೇವಿನ ಗುಂಡಿಗೆ ಬಿದ್ದು ಸಂಜೆಯವರೆಗೂ ಅದರೊಳಗೇ ಇದ್ದಳು. ಅಂದಿನಿಂದ ಮನೆಯ ಒಳಕೋಣೆಗೂ ಒಬ್ಬಳೇ ಹೋಗುತ್ತಿರಲಿಲ್ಲ. ಈಗ ಮದುವೆ ಗೊತ್ತಾಗಿದೆ. ಗಂಡನ ಮನೆಯಲ್ಲಿ ಯಾರನ್ನು ಜೊತೆಗೆ ಕರೆಯುತ್ತಾಳೆ ಎಂಬುದೇ ಅವ್ವನ ಚಿಂತೆ. ಕತ್ತಲು ಅಭ್ಯಾಸ ಆಗಲಿ ಎಂದು ನಮ್ಮೂರು ತಾಳ್ಯದಿಂದ ಅವಳನ್ನು ದುರ್ಗದ ಬೆಳಗಿನ ಆಟಕ್ಕೆ ಕರೆದೊಯ್ದೆ.

ಮೊದಲನೆಯದು ಕಾರ್ಟೂನು. ಇಬ್ಬರು ಮಕ್ಕಳು, ಒಂದು ನಾಯಿ, ಸಮುದ್ರ, ನಿಧಿ. ಚೆನ್ನಾಗಿತ್ತು. ಆದರೂ ನನಗೊಂದು ಕಸಿವಿಸಿ. ಬರೆದ ಗೊಂಬೆ ಓಡುತ್ತದೆ, ಅಳುತ್ತದೆ. ಓಡಿಸುವ ಕೈ ಮಾತ್ರ ಎಲ್ಲೂ ಕಾಣುವುದಿಲ್ಲ.

ಎರಡನೆಯದು ದೆವ್ವದ ಸಿನಿಮಾಗಳನ್ನೇ ಗೇಲಿ ಮಾಡುವ ಸಿನಿಮಾ. ದಡ್ಡನೊಬ್ಬ ಪಾಳುಬಂಗಲೆಯಲ್ಲಿ ನಡೆಯುತ್ತಾನೆ. ಹೆಗಲ ಮೇಲಿರುವುದು ಗೆಳೆಯನ ಕೈ ಎಂದುಕೊಂಡು ಹರಟುತ್ತಾನೆ. ಗೆಳೆಯ ಆಗಲೇ ಓಡಿಹೋಗಿದ್ದಾನೆ. ಕೈ ಯಾರದು, ಹೇಳಬೇಕೇ? ಗಂಡಸರ ಕಡೆ ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಹೊರಗೆ ಬಂದ ಮೇಲೆ ಕೇಳಿದೆ: "ಹೆದ್ರಿದ್ಯೇನವ್ವ?"

"ಹೆಂಗಸ್ರ ಕಡೆ ಒಬ್ಬ ಅಜ್ಜಿ ಕುಂತಿತ್ತು. ಅದರ ಕೈ ಹಿಡ್ಕಂಡಿದ್ದೆ."

"ದೆವ್ವ ನೋಡಿ ನಗು ಬರ್ಲಿಲ್ವಾ?"

"ನಂಬ್ಕಂಡು ಹೋಗ್ತಿದ್ದೋನ್ನ ನೋಡಿ ನಗೋದೇನೈತಣ್ಣಾ?"

ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಂದ್ರವಳ್ಳಿಯ ಗುಹೆಗಳ ಹತ್ತಿರ ಹೋಗಿ ಬುತ್ತಿ ಬಿಚ್ಚಿ ಉಂಡೆವು. ಗುಹೆಯ ಬಾಯಲ್ಲಿ ಲಾಟೀನು ಹಿಡಿದ ಮುದುಕನೊಬ್ಬ ಹೊಸದುರ್ಗದ ಗಂಡಹೆಂಡತಿಯನ್ನು ಒಳಗೆ ಕರೆದೊಯ್ಯುತ್ತಿದ್ದ. ನಾವೂ ಸೇರಿಕೊಂಡೆವು.

"ಸಾಲಾಗಿ ಬರ್ರಿ. ಮುಂದ್ಲೋರ ಹೆಗಲ ಮ್ಯಾಲೆ ಕೈ ಇಡ್ರಿ. ನಾನು ಕೂಗಿದ್ರೆ ಕೊನೇಲಿರೋರು 'ಬಂದ್ವಿ' ಅನ್ಬೇಕು. ಅಂದ್ರೇನೇ ನಾನು ಮುಂದುಕ್ಕೆ ಹೋಗೋದು," ಎಂದ ಮುದುಕ.

ಕೊನೆಯವನು ನಾನು. ನನ್ನ ಮುಂದೆ ಈರಮ್ಮ.

"ಅಣ್ಣಾ, ಕೈ ತೆಗೀಬ್ಯಾಡ. ನಾನು ಕಣ್ಣು ಮುಚ್ಕಂಡೇ ಬರ್ತೀನಿ."

"ತೆಗೆಯಲ್ಲ ನಡಿಯೇ, ಪುಕ್ಲಿ!"

ತೆಗೆದೆ. ಒಳಗೆ ಒಂದು ತಿರುವಿನಲ್ಲಿ ಆ ಸಿನಿಮಾದ ದಡ್ಡ ನೆನಪಾದ. ಕೈ ತೆಗೆದು ಅಲ್ಲೇ ನಿಂತೆ. ಅವಳು ಕಿರುಚಿದ ಮೇಲೆ 'ಭೋ' ಎಂದು ಎದುರಿಗೆ ಬಂದರೆ ಎಂಥ ತಮಾಷೆ! ಲಾಟೀನಿನ ಬೆಳಕು ತಿರುವಿನಾಚೆ ಸರಿದುಹೋಯಿತು. ನನ್ನ ಕೈಯೇ ನನಗೆ ಕಾಣದಂಥ ಕತ್ತಲು.

ಅವಳು ಕಿರುಚಲಿಲ್ಲ.

"ಹಿಂದ್ಲೋರು ಬಂದ್ರೇನ್ರಪ್ಪಾ?" ಮುದುಕ ಕೂಗಿದ. ನಾನು ಬಾಯಿ ಬಿಗಿಹಿಡಿದೆ.

"ಬಂದ್ವಿ," ಎಂದಿತು ಒಂದು ಗಂಡುದನಿ. ನಾನು ನಡೆಯುತ್ತಿರಬೇಕಾಗಿದ್ದ ಜಾಗದಿಂದ.

ಹೆಜ್ಜೆಗಳು ಮುಂದಕ್ಕೆ ಹೋದವು. ನಾನು ಗೋಡೆ ತಡವುತ್ತಾ, ಮಂಡಿ ತರಚಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ತೆವಳಿದೆ. ಹೊರಗೆ ಬಂದರೆ, ಪಕ್ಕದ ಇನ್ನೊಂದು ಬಾಯಿಂದ ಹೊರಬಿದ್ದಿದ್ದ ಈರಮ್ಮ ಬಿಸಿಲಿನಲ್ಲಿ ನಿಂತಿದ್ದಳು. ಆಗಷ್ಟೇ ಕಣ್ಣು ಬಿಡುತ್ತಿದ್ದಳು. ಮುಖದ ತುಂಬ ನಗು.

"ಹೊರಗೆ ಬರೋಗಂಟ ಬಿಡ್ಲಿಲ್ಲ ನೋಡು ನೀನು! ಕೈ ಯಾಕಣ್ಣಾ ಅಷ್ಟು ತಣ್ಣಗಿತ್ತು? ನಿಂಗೂ ಹೆದ್ರಿಕೆ ಆಗಿತ್ತಾ?"

"ಹೂಂ," ಎಂದೆ.

ಆ 'ಹೂಂ' ನನ್ನ ತಪ್ಪು. ಕೈ ತೆಗೆದದ್ದಕ್ಕಿಂತ ದೊಡ್ಡದು.

ಹೊಸದುರ್ಗದವರನ್ನು ಮೆಲ್ಲಗೆ ಕೇಳಿದೆ, 'ಬಂದ್ವಿ' ಅಂದದ್ದು ನೀವೇನಾ ಎಂದು. "ನಾನ್ಯಾಕನ್ಲಿ? ಕೊನೇಲಿದ್ದೋರು ನೀವಲ್ವಾ?" ಎಂದರು.

ಈಗ ಈರಮ್ಮ ಒಳಕೋಣೆಗೆ ಒಬ್ಬಳೇ ಹೋಗುತ್ತಾಳೆ. ಹಗೇವಿಗೂ ಇಳಿಯುತ್ತಾಳೆ. ಅವ್ವನಿಗೆ ಎಲ್ಲಿಲ್ಲದ ಖುಷಿ. ಹೇಗೆ ಬಂತು ಧೈರ್ಯ ಎಂದರೆ, "ಹಿಂದೆ ಅಣ್ಣ ಅವ್ನೆ ಅನ್ಕಂತೀನಿ, ಅಷ್ಟೇ," ಎನ್ನುತ್ತಾಳೆ.

ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಮೊನ್ನೆ ಒಳಕೋಣೆಯಿಂದ ರಾಗಿ ಮೊರ ಹಿಡಿದು ಬಂದವಳು ಜಗಲಿಯ ಮೇಲೆ ಕೂತಿದ್ದ ನನ್ನನ್ನು ಕಂಡು ನಿಂತಳು. "ಅಯ್ಯ, ಇಷ್ಟು ಬೇಗ ಇಲ್ಲಿಗೆ ಬಂದ್ಯಾ? ಈಗಿನ್ನೂ ಒಳಗೆ ನನ್ನ ಹೆಗಲ ಮ್ಯಾಲೆ ಕೈ ಇಟ್ಟಿದ್ದೆ!"

ನಾನು ಬೆಳಗಿನಿಂದ ಜಗಲಿ ಬಿಟ್ಟು ಎದ್ದಿರಲಿಲ್ಲ.

ನಿಜ ಹೇಳಿದರೆ ಅವಳು ಮತ್ತೆ ಹಗೇವಿನೊಳಗಿನ ಹುಡುಗಿಯಾಗುತ್ತಾಳೆ. ಅಣ್ಣ ನಂಬಿಕೆಗೆ ಯೋಗ್ಯನಲ್ಲ ಎಂದೂ ಗೊತ್ತಾಗುತ್ತದೆ. ಹೇಳದಿದ್ದರೆ? ಗಂಡನ ಮನೆಗೆ ಅವಳ ಹಿಂದೆ ಹೋಗುವವರು ಯಾರು?

ಎದುರು ನಿಂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಇಲ್ಲಿ ಬರೆದೆ. ಈ ಅಂಕಣವನ್ನು ಪ್ರತಿ ವಾರ ಮೊದಲು ಓದುವವಳು ಅವಳೇ. ಈಗೀಗ ಒಳಕೋಣೆಗೆ ಬುಡ್ಡಿದೀಪ ಒಯ್ದು, ಒಬ್ಬಳೇ ಕೂತು ಓದುತ್ತಾಳೆ.

ಈರವ್ವಾ, ಈ ವಾರದ್ದನ್ನು ಬಿಸಿಲಿನಲ್ಲಿ ಕೂತು ಓದು.