ಮುರಿದ ವರ್ಕಿಯ ಪಾಲು

ಊಟಿ ಮಾರುಕಟ್ಟೆಯ ಹಿಂದಿನ ಓಣಿಗೆ ಇನ್ನೂ ಬೆಳಕು ಹರಿದಿಲ್ಲ. ಹೊರಗೆ ಹಲ್ಲು ಕಟಕಟ ಎನ್ನುವ ಚಳಿ. ಒಳಗೆ ಬೇಕರಿಯ ಸೌದೆ ಒಲೆಯೆದುರು ಗುರುಮಲ್ಲಪ್ಪನವರ ಬನಿಯನ್ ಬೆವರಿಗೆ ತೊಯ್ದಿದೆ. ಮೈದಾ ಹಿಟ್ಟನ್ನು ಬಟ್ಟೆಯ ಹಾಗೆ ಎಳೆದು ಹರಡುತ್ತಾರೆ, ವನಸ್ಪತಿ ಸವರುತ್ತಾರೆ, ಮಡಿಸಿ ಮತ್ತೆ ಸವರುತ್ತಾರೆ. ಆ ಪದರಗಳೇ ಊಟಿಯ ಗರಿಗರಿ ತಿನಿಸು ವರ್ಕಿಯ ಜೀವ. ಊಟಿಗೆ ಬಂದವರೆಲ್ಲ ಪೊಟ್ಟಣಗಟ್ಟಲೆ ಹೊತ್ತೊಯ್ಯುತ್ತೇವೆ. ಮಾಡಿದವರು ಯಾರೆಂದು ಒಬ್ಬರಾದರೂ ಕೇಳಿದ್ದುಂಟೆ?

ಗುರುಮಲ್ಲಪ್ಪನವರಿಗೆ ಅರವತ್ತು ದಾಟಿದೆ. ಗುಂಡ್ಲುಪೇಟೆ ಕಡೆಯವರು, ಮೀಸೆ ಚಿಗುರುವ ವಯಸ್ಸಿಗೇ ಘಾಟಿ ಹತ್ತಿ ಬಂದು ಈ ಒಲೆಯ ಮುಂದೆ ನಿಂತವರು. ದಿನಕ್ಕೆ ಐವತ್ತು ಕಿಲೋ ಮೈದಾ ಅವರ ಕೈ ದಾಟುತ್ತದೆ. ಮುಂಗೈ ತುಂಬ ಸುಟ್ಟ ಗೆರೆಗಳು. ನಾನು ಕೇಳಿದರೆ, "ಅವೆಲ್ಲ ಏನೂ ಅಲ್ಲ ಬುಡಿ ಸಾ" ಎನ್ನುತ್ತಾರೆ.

ಈ ಬೇಕರಿಯಲ್ಲೊಂದು ವಾಡಿಕೆ. ಮುರಿದ ವರ್ಕಿಯನ್ನು ಮಾರುವುದಿಲ್ಲ, ಅದು ಕೆಲಸಗಾರರ ಪಾಲು. ಗುರುಮಲ್ಲಪ್ಪ ತಮ್ಮ ಪಾಲಿನಲ್ಲಿ ಅರ್ಧವನ್ನು ಇಲ್ಲೇ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಉಳಿದರ್ಧ ಮನೆಗೆ, ಹೆಂಡತಿ ಸಣ್ಣತಾಯಮ್ಮನಿಗೆ. ಮದುವೆಯಾದಾಗಿನಿಂದ ಆಕೆಯ ಬೆಳಗಿನ ತಿಂಡಿಯೇ ಅದು.

"ಬಾಗ್ಲಲ್ಲೇ ನಿಂತು ಕೈಚೀಲ ಈಸ್ಕತಿದ್ಲು ಸಾ. ಹೂವ ತಂದಿದ್ರೂ ಅಷ್ಟು ಖುಷಿ ಪಡ್ತಿರ್ನಿಲ್ಲ."

ನಾಲ್ಕು ವರ್ಷದ ಹಿಂದೆ ಒಂದು ಆರೋಗ್ಯ ಶಿಬಿರದಲ್ಲಿ ಗುರುಮಲ್ಲಪ್ಪನವರ ರಕ್ತ ಪರೀಕ್ಷೆಯಾಯಿತು. ಕೊಲೆಸ್ಟ್ರಾಲ್ ಇನ್ನೂರೆಂಬತ್ತು. ವೈದ್ಯೆ ಸಿಂಧುಜಾ ಮಾತ್ರೆ ಬರೆದುಕೊಟ್ಟು, ವರ್ಕಿ ಬಿಡಿ, ಹೆಂಡತಿಯನ್ನೂ ಪರೀಕ್ಷೆಗೆ ಕರೆತನ್ನಿ ಎಂದರು. ಗುರುಮಲ್ಲಪ್ಪ ನಕ್ಕುಬಿಟ್ಟರಂತೆ. ಕಡ್ಡಿಯಂಥ ಹೆಂಗಸು, ಆಕೆಗೆಲ್ಲಿಯ ಕೊಬ್ಬು? ಅಂದಿನಿಂದ ಅವರು ವರ್ಕಿಯನ್ನು ಬಾಯಿಗೆ ಹಾಕಲಿಲ್ಲ. ತಾವು ಬಿಟ್ಟ ಅರ್ಧವನ್ನೂ ಕೈಚೀಲಕ್ಕೇ ಹಾಕಿದರು.

"ನಂಗೆ ಬ್ಯಾಡ ಅಂದಿದ್ದ ತಕ್ಕೋಗಿ ಅವ್ಳಿಗೆ ತಿನ್ಸದ್ನಲ್ಲ ಸಾ! ಪ್ರೀತಿಂದ್ಲೇ ಕೊಟ್ಟೆ. ನನ್ ಬುದ್ಧಿಗಿಷ್ಟು ಮಣ್ಣಾಕ!" ಹಿಟ್ಟು ನಾದುವ ಕೈ ನಿಂತುಬಿಡುತ್ತದೆ.

ಹೋದ ವರ್ಷ ಸಣ್ಣತಾಯಮ್ಮ ಮನೆಯ ಮೆಟ್ಟಿಲು ಹತ್ತುವಾಗ ಸುಸ್ತಾಗಿ ನಡುವೆಯೇ ಕೂರತೊಡಗಿದರು. ದವಡೆ ನೋವು ಬಂತು. ಹಲ್ಲುನೋವೆಂದು ಲವಂಗ ಕಚ್ಚಿಕೊಂಡರು. ಒಂದು ಬೆಳಿಗ್ಗೆ ಗಂಡನ ಕೈಯಿಂದ ಚೀಲ ಇಸಿದುಕೊಳ್ಳುತ್ತಲೇ ಕುಸಿದರು. ಹೃದಯಾಘಾತ. ಕೊಯಮತ್ತೂರಿನಲ್ಲಿ ಸ್ಟೆಂಟ್ ಹಾಕಿ ಜೀವ ಉಳಿಸಿದರು, ಆದರೆ ಹೃದಯ ಸೋತಿದೆ. ಈಗ ಬೀದಿ ನಲ್ಲಿಯವರೆಗೆ ಹೋಗಿಬರುವುದೂ ಕಷ್ಟ. ಆಸ್ಪತ್ರೆಯಲ್ಲಿ ನೋಡಿದರೆ ಆಕೆಯ ಕೊಲೆಸ್ಟ್ರಾಲ್ ಗಂಡನದಕ್ಕಿಂತ ಹೆಚ್ಚಿತ್ತು.

"ತೆಳ್ಳಗಿದ್ದವರಿಗೆ ಬರಲ್ಲ ಅನ್ಕೊಂಡೇ ಎಷ್ಟೋ ಜನ ಕೆಡ್ತಾರೆ. ರಕ್ತ ನೋಡದೆ ಗೊತ್ತಾಗಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಅಪಾಯ ಹೆಚ್ಚು" ಎನ್ನುತ್ತಾರೆ ಸಿಂಧುಜಾ. "ವರ್ಕಿ ಒಂದೇ ಕಾರಣ ಅಲ್ಲ, ವಂಶದಿಂದಲೂ ಬಂದಿರಬಹುದು ಅಂತ ಅವ್ರಿಗೆ ಹೇಳಿ ಹೇಳಿ ಸಾಕಾಯ್ತು."

ಗುರುಮಲ್ಲಪ್ಪ ಕೇಳಬೇಕಲ್ಲ! ವನಸ್ಪತಿ ಕಡಿಮೆ ಮಾಡಿ ಹೆಂಡತಿಗೆಂದೇ ಒಮ್ಮೆ ವರ್ಕಿ ಸುಟ್ಟರು. ಪದರ ಏಳಲಿಲ್ಲ, ಕಲ್ಲಾಯಿತು. "ಇದ ತಿಂದ್ರೆ ಎದೆ ಉಳ್ಕತದ, ಹಲ್ಲು ಹೋಯ್ತದ" ಎಂದು ಆಕೆ ನಕ್ಕರಂತೆ. ಆಕೆ ತಿನ್ನಬಹುದಾದ ಒಂದೇ ಒಂದು ವರ್ಕಿ ಮಾಡಬೇಕೆಂಬುದು ಅವರಿಗಿರುವ ಆಸೆ.

ಕೆಲಸ ಮುಗಿಯಿತು. ಉಳಿದವರು ಸೋಪು ಹಚ್ಚಿ ಕೈ ತೊಳೆದು, ತಮ್ಮ ತಮ್ಮ ಪೊಟ್ಟಣ ಹಿಡಿದು ಹೊರಟರು. ಗುರುಮಲ್ಲಪ್ಪ ಮಾತ್ರ ಪೊಟ್ಟಣ ಮುಟ್ಟಲಿಲ್ಲ, ಕೈಯನ್ನೂ ತೊಳೆಯಲಿಲ್ಲ. ಮರೆತರೇನೋ ಅಂದುಕೊಂಡೆ. ಅವರ ಜೊತೆ ಹೋಗಿ ನಾನೂ ಮನೆಯ ಮೆಟ್ಟಿಲು ಹತ್ತಿದೆ.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸಣ್ಣತಾಯಮ್ಮ ಕಾಯುತ್ತಿದ್ದರು.

"ಕೈ ಕೊಡಿ ಇತ್ತಗೆ."

ಗುರುಮಲ್ಲಪ್ಪ ಬರಿಗೈ ಚಾಚಿದರು. ಆಕೆ ಆ ಅಂಗೈಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದರು.

"ಇವತ್ತು ಚೆಂದಾಗಿ ಬೆಂದದ" ಎಂದರು.