ನರಹರಿ ರಾಯರ ಬೇಸ್‌ಬಾಲ್ ಅಭಿಪ್ರಾಯಗಳು

ನರಹರಿ ರಾಯರಿಗೆ ಸ್ವಂತ ಅಭಿಪ್ರಾಯ ಎಂಬುದೊಂದು ಇದ್ದದ್ದನ್ನು ನಾನು ಕಂಡಿಲ್ಲ. ಫ್ರೀಮಾಂಟಿನಿಂದ ಅವರ ಕಾರಿನಲ್ಲಿ ನಾವಿಬ್ಬರೂ ಕೊಲ್ಲಿಯಾಚೆಯ ನಮ್ಮ ನಮ್ಮ ಆಫೀಸುಗಳಿಗೆ ಹೋಗುತ್ತಿದ್ದೆವು. ಡ್ರೈವಿಂಗು ನನ್ನದು; ಪೇಪರಿನ ಕ್ರೀಡಾಪುಟ ಓದುವುದು ಅವರದು. ಸೇತುವೆ ಹತ್ತುವಾಗ ಪೇಪರಿನದಾಗಿದ್ದ ಮಾತು ಇಳಿಯುವಷ್ಟರಲ್ಲಿ ರಾಯರದ್ದಾಗಿರುತ್ತಿತ್ತು.

ಆಗ ಇಲ್ಲಿನ ಬೇಸ್‌ಬಾಲ್ ತಂಡವೊಂದರಲ್ಲಿ ಒಬ್ಬ ದೊಡ್ಡ ಆಟಗಾರನಿದ್ದ. ಆಟ ಮುಗಿದರೆ ಪತ್ರಕರ್ತರ ಜೊತೆ ಮಾತಾಡದೆ ಎದ್ದುಹೋಗುವುದು ಅವನ ಅಭ್ಯಾಸ. ತಂಡ ಸೋಲುತ್ತಿದ್ದ ವರ್ಷ ಪೇಪರು ಅವನನ್ನು ಜರೆಯಿತು. ರಾಯರೂ ಜರೆದರು.

"ಕೊಬ್ಬು ಕಣ್ರೀ, ಬರೀ ಕೊಬ್ಬು! ನಾಲ್ಕು ಮಾತಾಡಿದ್ರೆ ಇವನ ಗಂಟೇನು ಹೋಗತ್ತೆ?"

ಮರುವರ್ಷ ಅವನು ಒಂದೇ ಸಮನೆ ಚೆಂಡನ್ನು ಪ್ರೇಕ್ಷಕರ ನಡುವೆ ಎತ್ತಿ ಹಾಕತೊಡಗಿದ. ಆಗಲೂ ಮಾತಿಲ್ಲ, ಎದ್ದುಹೋಗುವುದು ನಿಂತಿಲ್ಲ.

"ಎಂಥಾ ಏಕಾಗ್ರತೆ ನೋಡ್ರೀ! ಋಷಿ ಕಣ್ರೀ ಅವನು!"

"ಹೋದ ವರ್ಷ ಕೊಬ್ಬು ಅಂದಿದ್ರಲ್ಲ ಸಾರ್?"

"ನಾನಾ? ಛೇ, ಮೊದಲಿಂದ್ಲೂ ಇವನ ಫ್ಯಾನು ನಾನು."

ಸುಳ್ಳಲ್ಲ, ನಿಜವಾಗಿಯೂ ಮರೆತಿದ್ದರು. ನನಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ.

ಒಮ್ಮೆ ಸ್ಟೇಡಿಯಮ್ಮಿಗೂ ಕರೆದೊಯ್ದರು. ಅವನು ಬ್ಯಾಟು ಬೀಸಿ ಚೆಂಡು ತಪ್ಪಿದಾಗ ಊಳಿಡುವ ಮುನ್ನ ರಾಯರು ಅಕ್ಕಪಕ್ಕ ನೋಡುತ್ತಿದ್ದರು, ಪಂಕ್ತಿಯಲ್ಲಿ ಮೊದಲು ಯಾರು ಊಟಕ್ಕೆ ಕೈ ಹಾಕುತ್ತಾರೋ ಎಂದು ಕಾಯುವವರ ಹಾಗೆ. ಸಾವಿರಾರು ಜನ ಹಾಗೇ ಕಾಯುತ್ತಿದ್ದರೆನ್ನಿ. ಇಂಥವರ ಚಪ್ಪಾಳೆಗೆ ಆ ಆಟಗಾರ ತಿರುಗಿಯೂ ನೋಡದಿದ್ದದ್ದು ಸರಿಯೇ ಅನಿಸಿತು.

ಹೀಗೆ ಹಂಗಿಸುತ್ತಿದ್ದೇನೆ; ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ತಮ್ಮ ಹೊಸ ಕಾರನ್ನೇ ಕೊಟ್ಟು ಡ್ರೈವಿಂಗು ಕಲಿಸಿದವರೂ ಅವರೇ.

ಡಾಟ್‌ಕಾಮ್ ಕಂಪನಿಗಳು ಸಾಲಾಗಿ ಮುಚ್ಚಿದಾಗ ರಾಯರ ಕೆಲಸ ಹೋಯಿತು. ಬೇರೊಂದು ಬೇಗ ಸಿಗದಿದ್ದರೆ ವೀಸಾ ಇಲ್ಲ, ಸಂಸಾರ ಸಮೇತ ಮೈಸೂರಿಗೆ ಹೊರಡಬೇಕು. ಅದುವರೆಗೆ ನಮ್ಮ ಕನ್ನಡದವರ ಗುಂಪಿನಲ್ಲಿ ಅವರೆಂದರೆ ಮಹಾ ಬುದ್ಧಿವಂತರು. ತಿಂಗಳೊಪ್ಪತ್ತಿನಲ್ಲಿ "ಆ ಮನುಷ್ಯಂಗೆ ಕೆಲಸ ಎಲ್ಲಿ ಬರ್ತಿತ್ತು, ಬರೀ ಬಾಯಿ" ಎಂದಾಯಿತು.

ಒಂದು ಭಾನುವಾರ ಮನೆಗೆ ಬಂದರು. "ನಿಮ್ಮ ಆಫೀಸಲ್ಲಿ ಜಾಗ ಇದೆಯಂತೆ. ನನ್ನ ಬಗ್ಗೆ ಒಂದು ಮಾತು ಹೇಳ್ತೀರಾ?"

"ಖಂಡಿತ ಸಾರ್" ಎಂದೆ.

ಮರುದಿನ ಬಾಸು ತಾನಾಗಿಯೇ ರಾಯರ ಅರ್ಜಿ ಹಿಡಿದು, ಈತ ಹೇಗೆಂದು ಕೇಳಿದ. ಆ ವಾರ ನಮ್ಮಲ್ಲೂ ಕೆಲವರನ್ನು ತೆಗೆಯುವ ಸುದ್ದಿಯಿತ್ತು. "ಅಷ್ಟೇನೂ ಪರಿಚಯವಿಲ್ಲ" ಎಂದುಬಿಟ್ಟೆ.

ಅವರು ಊರಿಗೆ ಹೊರಟ ದಿನ ಏರ್‌ಪೋರ್ಟಿಗೆ ಬಿಡಲು ಹೋದವನು ನಾನೇ. ರಾಯರು ನನ್ನ ಕೈ ಹಿಡಿದುಕೊಂಡರು.

"ಎಲ್ರೂ ತಿರುಗಿಬಿದ್ರು. ನನ್ನ ಪರವಾಗಿ ಮಾತಾಡಿದ್ದು ನೀವೊಬ್ರೇ ಕಣ್ರೀ."

ನಾನು ಹೂಂ ಎಂದೆ.